ನೀರು ಹಾಕದೆ ತೆಗೆದ ನೆಲ

ರಂಗಂಪೇಟೆ, ಸುರಪುರ
11 ಜೂನ್ 2024

ಜೈಭೀಮ.

ಪಂಚಶೀಲಾ, ನಿನಗೆ ನಾಚಿಕೆ ಎನ್ನುವುದು ಇದೆಯೇನೇ? ಭೀಮ ಜಯಂತಿ ಹೋಯಿತು, ಬುದ್ಧ ಪೂರ್ಣಿಮೆ ಹೋಯಿತು, ಈ ಮುದುಕಿ ಇದ್ದಾಳೋ ಸತ್ತಾಳೋ ಎಂದು ಕೇಳಲಿಲ್ಲ. ಈಗ ಒಂದು ಕಾಗದ ಹಾಕಿದ್ದೀ. ಅದರಲ್ಲಿ ನನ್ನ ಮೊಣಕಾಲಿನ ಮಾತಿಲ್ಲ, ನಿನ್ನ ಸುಖದುಃಖದ ಮಾತಿಲ್ಲ. ‘ಆಯಿ, ಮನೆಯ ಹಳೆಯ ಟೈಲ್ಸ್ ಅಪಾಯವಿಲ್ಲದೆ ಹೇಗೆ ತೆಗೆಯಬೇಕು, ನೀನು ಆ ಕೆಲಸ ಮಾಡಿದವಳು, ಬರೆದು ತಿಳಿಸು’ ಎಂದು ಕೇಳಿದ್ದೀ. ನಾನು ಸಿಮೆಂಟಿನ ಮಾಲು ಹೊತ್ತು ನಿನಗೆ ಬಿ.ಎಡ್. ಮಾಡಿಸಿದ್ದು ನೀನು ನೆಲ ಅಗೆಯಲಿ ಎಂದೇ ಇರಬೇಕು.

ಫೋನ್ ಹಚ್ಚಿದರೆ ನಿನ್ನ ಅತ್ತೆ ಎತ್ತುತ್ತಾಳೆ. ನನ್ನ ದನಿ ಗೊತ್ತಿದ್ದೂ ‘ಯಾರ್ರಿ?’ ಎನ್ನುತ್ತಾಳೆ. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನಾದರೆ ನಡುವೆ ಕಟ್ ಮಾಡುತ್ತೀ. ಇದನ್ನು ಕೊನೆಯತನಕ ಓದಿ ಬೈಸಿಕೊಳ್ಳಬೇಕು.

ನನ್ನ ಮಗಳು ನಿನ್ನನ್ನು ಹೆತ್ತು ಕಣ್ಣು ಮುಚ್ಚಿದಳು, ನಿನ್ನ ಅಪ್ಪ ಮತ್ತೊಂದು ಮದುವೆಯಾಗಿ ಮುಖ ತಿರುವಿದ. ಗೌಂಡಿಗಳ ಕೈಕೆಳಗೆ ದುಡಿದು, ಶಹಾಪುರದ ದೊಡ್ಡವರ ಮನೆಗಳಲ್ಲಿ ಹಳೆಯ ನೆಲ ಕಿತ್ತು ಹೊಸ ಫರಸಿ ಹಾಸಿ ನಿನ್ನನ್ನು ಸಾಕಿದೆ. ನೀನು ಯಾದಗಿರಿಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಸುನೀಲಕುಮಾರನಿಗೆ ಹಾರ ಹಾಕಿ ಬಂದ ದಿನ ಒಂದೇ ಮಾತು ಹೇಳಿದ್ದೆ: ಆ ಹುಡುಗ ನಿನ್ನನ್ನು ಮದುವೆಯಾಗಿದ್ದಾನೆ, ಅವನ ಮನೆ ಆಗಿಲ್ಲ. ನೀನು ನಕ್ಕೆ. ಯಾದಗಿರಿಯ ಬಾಡಿಗೆ ಖೋಲಿಯಲ್ಲಿ ಇದ್ದಷ್ಟು ದಿನ ಅವನ ತಾಯಿ ಶಾಂತಾದೇವಿಗೆ ನೀನು ಯಾರೂ ಅಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟ ಮುರಿಯಿತು ನೋಡು, ಮರುದಿನ ನೀನು ಸೊಸೆಯಾದೆ. ಗಂಟು ಕಟ್ಟಿಕೊಂಡು ಶಹಾಪುರಕ್ಕೆ ಓಡಿದೆ.

ಇರಲಿ. ಕೇಳಿದ್ದೀ, ಹೇಳುತ್ತೇನೆ. ಮೊದಲು ನೀರು. ಹಿಂದಿನ ಸಂಜೆಯೇ ನೆಲದ ಮೇಲೆ ನೀರು ಚೆಲ್ಲಿ ನೆನೆಯಲು ಬಿಡು. ಕೆಲಸ ಮಾಡುವಾಗಲೂ ಪಕ್ಕದಲ್ಲಿ ತಂಬಿಗೆ ಇರಲಿ, ಧೂಳು ಏಳುವ ಮೊದಲೇ ಚಿಮುಕಿಸುತ್ತಿರು. ಒಣ ನೆಲಕ್ಕೆ ಸುತ್ತಿಗೆ ಹಾಕಿದರೆ ಏಳುವುದು ಜೋಳದ ಹಿಟ್ಟಲ್ಲ, ಎದೆಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ನಿನ್ನ ಅಜ್ಜ ಖಣಿಯಲ್ಲಿ ಒಣ ಕಲ್ಲು ಕಡಿದು ಕಡಿದು ಕೊನೆಗೆ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವನ ಕೆಮ್ಮು ಕೇಳುತ್ತ ಬೆಳೆದವಳು ನೀನು, ಮರೆತಿರಲಾರೆ.

ಮೂಗಿಗೆ ದವಾಖಾನೆಯ ದಪ್ಪ ಮಾಸ್ಕ್ ಹಾಕು, ಸೆರಗು ಕಟ್ಟಿಕೊಂಡು ಶಾಣ್ಯಾಕಿ ಆಗಬೇಡ. ಕಣ್ಣಿಗೆ ಗೌಂಡಿಗಳ ಪ್ಲಾಸ್ಟಿಕ್ ಕನ್ನಡಕ, ಕಾಲಿಗೆ ಬೂಟು. ಅಡುಗೆ ಮನೆಯಾದರೆ ಗ್ಯಾಸಿನ ಸಿಲಿಂಡರ್ ಹೊರಗಿಡು. ನೆಲದ ಕೆಳಗೆ ನಳದ ಪೈಪು, ಕರೆಂಟಿನ ವೈರು ಎಲ್ಲಿ ಹೋಗಿವೆ ಎಂದು ಗಂಡನನ್ನು ಕೇಳು. ಅವನಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಮೇನ್ ಸ್ವಿಚ್ ತೆಗೆದೇ ಕೂರು. ಉಳಿದ ಖೋಲಿಗಳ ಬಾಗಿಲಿಗೆ ಹಸಿ ಚಾದರ ಕಟ್ಟು, ಕಿಟಕಿ ತೆರೆದಿಡು.

ಸುತ್ತಿಗೆಯ ಹಿಡಿಕೆಯಿಂದ ತಟ್ಟುತ್ತ ಹೋಗು. ಪೊಳ್ಳು ಸದ್ದು ಬಂದ ಕಡೆಯಿಂದ ಶುರು ಮಾಡು. ಸಂದಿನ ಸಿಮೆಂಟನ್ನು ಮೊದಲು ಕೆರೆದು ಬಿಡಿಸು, ಆಮೇಲೆ ಚಾಣವನ್ನು ಓರೆಯಾಗಿ ಇಟ್ಟು ಸಣ್ಣ ಪೆಟ್ಟು ಹಾಕು. ಸಿಟ್ಟಿನಿಂದ ನೆಟ್ಟಗೆ ಇಟ್ಟು ಬಾರಿಸಿದರೆ ಚೂರು ನಿನ್ನ ಮುಖಕ್ಕೇ ಬರುತ್ತದೆ. ಚೂರುಗಳನ್ನು ಸಿಮೆಂಟಿನ ಚೀಲಕ್ಕೆ ಅರ್ಧ ಮಾತ್ರ ತುಂಬು, ಹೊತ್ತರೆ ಬೆನ್ನು ಉಳಿಯಬೇಕು. ಒಣ ಕಸಬರಿಗೆ ಆಡಿಸಬೇಡ, ಹಸಿ ಬಟ್ಟೆಯಿಂದ ಒರೆಸು. ಮೈಮೇಲಿನ ಬಟ್ಟೆ ಬೇರೆಯಾಗಿ ಒಗೆ.

ಬಸುರಿ, ಬಾಣಂತಿ, ಕೂಸು ಆ ಧೂಳಿನ ಹತ್ತಿರ ಸುಳಿಯಬಾರದು. ನಿನಗೆ ಆ ಚಿಂತೆ ಇಲ್ಲ ಎಂದುಕೊಂಡಿದ್ದೇನೆ. ಇದ್ದಿದ್ದರೆ ನನಗೆ ಹೇಳುತ್ತಿದ್ದೆ.

ತೆಗೆಯುತ್ತಿರುವುದು ಯಾವ ಖೋಲಿಯದು? ಮನೆಯಲ್ಲಿ ಗಂಡಸಿರುವಾಗ ಚಾಣ ನಿನ್ನ ಕೈಗೇಕೆ ಬಂತು? ಬರೆ.

ನಿನ್ನ ಆಯಿ
ಮಲ್ಲಾಬಾಯಿ


ಶಹಾಪುರ
2 ಜುಲೈ 2024

ಪ್ರೀತಿಯ ಆಯಿಗೆ,

ನಿನ್ನ ಕಾಗದ ಶಾಲೆಗೆ ಬಂತು. ಸ್ಟಾಫ್ ರೂಮಿನಲ್ಲಿ ಓದಿದೆ, ನಗು ಬಂತು. ಬೈಗುಳ ಕೇಳಿ ಬಹಳ ದಿನ ಆಗಿತ್ತು. ಇಲ್ಲಿ ಯಾರೂ ಬೈಯುವುದಿಲ್ಲ. ಬಹಳ ಮೆತ್ತಗೆ ಮಾತಾಡುತ್ತಾರೆ.

ತೆಗೆಯುತ್ತಿರುವುದು ಅಡುಗೆ ಮನೆಯದು, ಮತ್ತೆ ಅಲ್ಲಿಂದ ದೇವರ ಖೋಲಿಗೆ ಹೋಗುವ ದಾರಿಯದು. ಅತ್ತೆಯವರ ಸೊಂಟ ಈಗ ವಾಸಿಯಾಗಿದೆ, ಕೋಲು ಬಿಟ್ಟಿದ್ದಾರೆ. ಕೆಂಭಾವಿಯಿಂದ ಅವರ ತಂಗಿ ಬಂದು ಒಂದು ವಾರ ಇದ್ದರು. ಹೋಗುವಾಗ ಅಡುಗೆ ಮನೆಯ ಬಾಗಿಲಲ್ಲಿ ನಿಂತು, “ಯಕ್ಕಾ, ಈ ನೆಲ ಬರೇ ತೊಳೆದ್ರ ಆಗಂಗಿಲ್ಲ, ತೆಗಿಸಿ ಬಿಡು” ಅಂದರು. ಹಳೆಯ ಟೈಲ್ಸ್ ಆಗಿದ್ದವು. ಹೊಸದನ್ನು ಹಾಸಲು ಗೌಂಡಿ ಗುರಣ್ಣ ಬರುತ್ತಾನೆ. ಹಳೆಯದನ್ನು ಕೀಳುವುದು ಮನೆಯವರ ಕೆಲಸ ಎಂದು ಅತ್ತೆ ಹೇಳಿದರು. ಇವರು ಆಫೀಸಿನಿಂದ ಬರುವುದು ತಡವಾಗುತ್ತದೆ. ಭಾನುವಾರ ಕೈ ಹಚ್ಚುತ್ತೇನೆ ಎಂದಿದ್ದರು, ಭಾನುವಾರ ಗೆಳೆಯರು ಬಂದರು.

ಮೊದಲ ದಿನ ನೀನು ಹೇಳಿದಂತೆ ನೀರು ಹಾಕಿದೆ. ಅತ್ತೆ ಅವಸರದಿಂದ ಬಂದರು. “ನೀರ್ ಹಾಕಬ್ಯಾಡ ತಂಗಿ. ಒದ್ದಿ ಕಾಲಿಲೆ ನೀ ಮನಿತುಂಬ ಅಡ್ಡಾಡಿದ್ರ ಉಳಿದ ನೆಲಾನೂ ಕೆಡ್ತದ. ಒಣಾದೇ ತೆಗಿ” ಅಂದರು. ಅದಕ್ಕೇ ಒಣಗಿದ್ದನ್ನೇ ತೆಗೆಯುತ್ತಿದ್ದೇನೆ. ಮಾಸ್ಕ್ ಇದೆ. ಕನ್ನಡಕ ಇವರು ತರುತ್ತೇನೆ ಎಂದಿದ್ದಾರೆ. ಬಚ್ಚಲಿನ ಟೈಲ್ಸ್ ಸೀಳಿವೆ, ಕಾಲಿಟ್ಟರೆ ಅಲುಗುತ್ತವೆ, ಅವನ್ನೂ ತೆಗೆಯಲೇ ಎಂದು ಕೇಳಿದೆ. ಅದು ಇರಲಿ ಅಂದರು.

ಕೆಲಸ ಮುಗಿಯುವತನಕ ಅತ್ತೆಯವರ ಒಲೆ ಪಡಸಾಲೆಯಲ್ಲಿ, ನಮ್ಮ ಒಲೆ ಹೊರಗಿನ ಖೋಲಿಯಲ್ಲಿ. ಇವರು ಎರಡೂ ಕಡೆ ಉಣ್ಣುತ್ತಾರೆ.

ಸ್ವಲ್ಪ ಕೆಮ್ಮು ಇದೆ, ಮಳೆಗಾಲದ್ದು. ನಾನು ಆರಾಮ ಇದ್ದೇನೆ, ನೀನು ಚಿಂತೆ ಮಾಡಬೇಡ.

ನಿನ್ನ
ಪಂಚಶೀಲಾ


ರಂಗಂಪೇಟೆ
8 ಜುಲೈ 2024

ಜೈಭೀಮ ಎಂದು ನಾನು ಬರೆಯುತ್ತೇನೆ. ನೀನು ನಿನ್ನ ಕಾಗದದ ತಲೆಯ ಮೇಲೆ ಅದನ್ನು ಬರೆಯುವುದು ಬಿಟ್ಟಿದ್ದೀ. ಆ ಮನೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೇನೋ.

ಹುಚ್ಚಿ, ಶಾಂತಾದೇವಿ ಜಾರಿ ಬಿದ್ದದ್ದು ಬಚ್ಚಲಲ್ಲಿ. ಸೀಳಿರುವುದೂ ಬಚ್ಚಲಿನ ಟೈಲ್ಸ್. ಕೀಳಿಸುತ್ತಿರುವುದು ಗಟ್ಟಿ ಇರುವ ಅಡುಗೆ ಮನೆಯದು. ನಿನಗೆ ಇದು ವಿಚಿತ್ರ ಅನ್ನಿಸಲಿಲ್ಲವೇ? ಅವಳು ಹಾಸಿಗೆ ಹಿಡಿದಾಗ ಅದೇ ಅಡುಗೆ ಮನೆಯಲ್ಲಿ ನೀನು ರೊಟ್ಟಿ ಬಡಿದು ಅವಳ ಬಾಯಿಗಿಟ್ಟೆ, ಮಲ ಮೂತ್ರ ಬಳಿದೆ. ಆಗ ನಿನ್ನ ಕೈ ಮಾತ್ರ ಬೇಕಾಗಿತ್ತು. ಸೊಂಟ ನೆಟ್ಟಗಾದ ಮೇಲೆ ಅವಳಿಗೆ ನಿನ್ನ ಕಾಲು ಕಾಣಿಸಿತು. ಎಲ್ಲೆಲ್ಲಿ ನಿಂತಿದ್ದೆ, ಎಲ್ಲೆಲ್ಲಿ ನಡೆದಿದ್ದೆ, ಅಷ್ಟನ್ನೂ ಕೀಳಿಸುತ್ತಿದ್ದಾಳೆ. ನಿನ್ನ ಕೈಯಿಂದಲೇ ಕೀಳಿಸುತ್ತಿದ್ದಾಳೆ.

ನೀರು ಯಾಕೆ ಬೇಡ ಎಂದಳು, ಕೇಳು. ಒಣಗಿದ್ದಕ್ಕೆ ಮೈಲಿಗೆ ಹತ್ತುವುದಿಲ್ಲ, ಒದ್ದೆಗೆ ಹತ್ತುತ್ತದೆ. ಇದು ಅವರ ಓಣಿಯ ಶಾಸ್ತ್ರ. ಒಣ ಜೋಳದ ಚೀಲ ಹೊತ್ತು ನಾವು ಅವರ ಕಣಜದವರೆಗೆ ಹೋಗಬಹುದಿತ್ತು, ಹಿತ್ತಲಿನ ನೀರಿನ ಕೊಡ ಮುಟ್ಟುವ ಹಾಗಿರಲಿಲ್ಲ. ನಿನ್ನ ಎದೆ ಉಳಿಯಲಿ ಎಂದು ನಾನು ಹೇಳಿದ ನೀರು ಅವಳ ಕಣ್ಣಿಗೆ ನಿನ್ನ ಮೈಲಿಗೆಯನ್ನು ಮನೆತುಂಬ ಹರಿಸುವ ನೀರು. ಆದ್ದರಿಂದ ನೀನು ಧೂಳು ಕುಡಿ. ‘ತಂಗಿ’ ಎಂದಳಂತೆ. ಕುರಿಯನ್ನೂ ಮೈ ಸವರಿಯೇ ಕರೆದೊಯ್ಯುತ್ತಾರೆ.

ನಾನು ಇಂಥ ಮನೆಗಳಲ್ಲಿ ದೇವರ ಖೋಲಿಯತನಕ ಹೋಗಿ ಫರಸಿ ಹಾಸಿದ್ದೇನೆ. ಕೆಲಸ ನಡೆಯುವತನಕ ಯಾರೂ ಏನೂ ಅನ್ನುತ್ತಿರಲಿಲ್ಲ. ಕೊನೆಯ ಕಲ್ಲು ಕೂತ ಮೇಲೆ ಮನೆಯಾಕೆ ನಮ್ಮ ಬೆನ್ನ ಹಿಂದೆಯೇ ಹೊಸ್ತಿಲತನಕ ಬರುತ್ತಿದ್ದಳು. ಮೊದಲ ಸಲ ನನಗೆ ಸಂತೋಷವಾಗಿತ್ತು, ನಮ್ಮನ್ನು ಕಳಿಸಿಕೊಡಲು ಬರುತ್ತಿದ್ದಾಳೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ನಾವು ಕಾಲಿಟ್ಟಲ್ಲೆಲ್ಲ ಅರಿಶಿನದ ನೀರು ಚಿಮುಕಿಸುತ್ತ ಬರುತ್ತಿದ್ದಳು.

ನನಗೆ ಅವರು ನೀರು ಚಿಮುಕಿಸಿದರು. ನಿನಗೆ ನೆಲವನ್ನೇ ಕೀಳಿಸುತ್ತಿದ್ದಾರೆ. ಓದಿದ್ದಕ್ಕೆ ಅಷ್ಟಾದರೂ ಮರ್ಯಾದೆ ಹೆಚ್ಚಾಯಿತು.

ಕೆಲಸ ನಿಲ್ಲಿಸು. ಆ ಕೆಮ್ಮು ಮಳೆಗಾಲದ್ದಲ್ಲ, ನನಗೆ ಆ ಕೆಮ್ಮಿನ ಪರಿಚಯವಿದೆ. ನಿನ್ನ ಗಂಡನಿಗೆ ನನ್ನ ಹೆಸರು ಹೇಳಿ ಕೇಳು: ಎರಡೂ ಕಡೆ ಉಣ್ಣುವವನು ಒಂದು ಕಡೆಯಾದರೂ ಬಾಯಿ ಬಿಡಬೇಕೋ ಬೇಡವೋ?

ನಿನ್ನ ಆಯಿ
ಮಲ್ಲಾಬಾಯಿ


ರಂಗಂಪೇಟೆ
19 ಆಗಸ್ಟ್ 2024

ಜೈಭೀಮ.

ನನ್ನ ಕಾಗದಕ್ಕೆ ಉತ್ತರವಿಲ್ಲ. ನಿನ್ನ ಬಾಯಿಗೂ ಸಿಮೆಂಟು ಹಾಕಿದರೋ ಏನೋ ಎಂದು, ನೋಡಿಕೊಂಡು ಬರಲು ಮಂದಿ ಕಳಿಸಿದೆ. ಗೌಂಡಿ ಗುರಣ್ಣನಿಗೆ ನಾನು ಹಳೆಯ ಪರಿಚಯ. ಅವನಿಗೆ ಹೇಳಿ, ನಿಮ್ಮ ಮನೆಗೆ ಟೈಲ್ಸ್ ಹಾಸಲು ದ್ಯಾವಪ್ಪನನ್ನು ಹಚ್ಚಿಸಿದೆ. ದ್ಯಾವಪ್ಪ ಯಾರೆಂದು ನಿನಗೆ ಗೊತ್ತಿದೆ. ನನ್ನ ತಂಗಿಯ ಮಗ, ನಿನ್ನ ಮಾವ. ಜಯಂತಿಯ ಮೆರವಣಿಗೆಯಲ್ಲಿ ನೀನು ಅವನ ಹೆಗಲ ಮೇಲೆ ಕುಳಿತು ಅವನ ಕಿವಿ ಹಿಂಡುತ್ತಿದ್ದೆ. ಅವನಿಗೆ ಒಂದೇ ಮಾತು ಹೇಳಿ ಕಳಿಸಿದ್ದೆ: ಗುರುತು ಹೇಳಬೇಡ, ಅವಳು ಗುರುತು ಹಿಡಿಯುತ್ತಾಳೋ ನೋಡು.

ನಿನ್ನೆ ಬಂದ. ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚಿದ.

“ಅಕಿ ಆರಾಮ ಅದಾಳೇನೋ?” ಎಂದೆ.

“ಅದಾಳ.”

“ಮಾತಾಡಿಸಿದಳೇನು?”

“ಕೆಲಸ ಭಾಳ ಇತ್ತು ದೊಡ್ಡವ್ವ.”

“ನೀರಾದ್ರೂ ಕೊಟ್ಟಳೇನು?” ಎಂದೆ. ಆಗ ಎದ್ದು ಹೊರಟ. ನಾನು ಅಂಗಿ ಹಿಡಿದು ಕೂರಿಸಿದೆ. ಅವನು ಹೇಳಲಿಲ್ಲ, ನಾನು ಕಕ್ಕಿಸಿದೆ.

ಮಧ್ಯಾಹ್ನ ಅವನು ಮೆಟ್ಟಿಲ ಕೆಳಗೆ ಬಂದು ನೀರು ಕೇಳಿದ. ಶಾಂತಾದೇವಿ ಕುರ್ಚಿ ಬಿಟ್ಟು ಏಳದೆ, “ಪಂಚಶೀಲಾ, ಆ ಕೆಲಸದವಗ ನೀರ್ ಹಾಕು. ನಿನ್ನ ತಂಬಿಗಿಲೆ ಹಾಕು. ಮ್ಯಾಲಿಂದ ಹಾಕು, ತಾಗಿಸಬ್ಯಾಡ” ಎಂದಳು. ನೀನು ಹೊರಗಿನ ಖೋಲಿಯಿಂದ ತಂಬಿಗೆ ಹಿಡಿದು ಬಂದೆ. ಅವನ ಮುಖ ನೋಡಿದೆ. ಅವನು ಬೊಗಸೆ ಒಡ್ಡಿ ಬಗ್ಗಿದ. ನೀನು ಮೆಟ್ಟಿಲ ಮೇಲೆ ನಿಂತು ನೀರು ಹಾಕಿದೆ. ಅರ್ಧ ನೀರು ಅವನ ಮೊಣಕೈಗೆ ಹರಿದು ಹೋಯಿತು.

ಅವನು ತಲೆ ಎತ್ತದೆ “ಸಾಕ್ರಿ ಅವ್ವಾರ” ಎಂದ. ತನ್ನ ಹೆಗಲ ಮೇಲೆ ಬೆಳೆದ ಕೂಸಿಗೆ ರೀ ಹಚ್ಚಿ ಮಾತಾಡಿದ, ನಿನ್ನ ಮರ್ಯಾದೆ ಉಳಿಯಲಿ ಎಂದು. ನೀನು ಮಾವ ಎನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಾಗಿಲ ಹಿಂದೆ ಬಹಳ ಹೊತ್ತು ಕೆಮ್ಮಿದ್ದು ಅವನಿಗೆ ಕೇಳಿಸಿತು.

ನಿನಗೆ ಬೇರೆ ತಂಬಿಗೆ ಇಟ್ಟಿದ್ದಾರೆ. ಆ ತಂಬಿಗೆಯೂ ತಾಗಬಾರದಂಥ ಒಬ್ಬನನ್ನು ತಂದು ನಿನ್ನ ಕೆಳಗೆ ನಿಲ್ಲಿಸಿದರು. ಒಂದು ಮೆಟ್ಟಿಲು ಎತ್ತರ ಸಿಕ್ಕಿತು. ಹೊಟ್ಟೆ ತುಂಬಿತೇನೇ ನಿನಗೆ?

ಹೊಟ್ಟೆಯ ಮಾತು ಬಂದಿದ್ದಕ್ಕೆ ಬರೆಯುತ್ತೇನೆ. ದ್ಯಾವಪ್ಪ ಎದ್ದು ಹೋಗುವಾಗ, “ದೊಡ್ಡವ್ವಾ, ಅಕಿನ್ನ ಬೈಬ್ಯಾಡ, ಹೊಟ್ಟೀಲೆ ಅದಾಳ” ಎಂದ. ಅವನು ಹೇಳಿ ನನಗೆ ಗೊತ್ತಾಗಬೇಕು. ಬಸುರಿ ಹೊಟ್ಟೆ ಹೊತ್ತು ಒಣ ನೆಲಕ್ಕೆ ಸುತ್ತಿಗೆ ಹಾಕಿದೆಯಲ್ಲ, ಕೂಸು ಹುಟ್ಟಿ ಕೆಮ್ಮಿದರೆ ಅದಕ್ಕೂ ಮಳೆಗಾಲ ಎನ್ನುತ್ತೀಯಾ? ನಿನ್ನ ತಾಯಿ ಹೆರಿಗೆಯಲ್ಲಿ ಸತ್ತಳು. ಅವಳು ಸತ್ತದ್ದು ನಿನಗಾಗಿ. ನೀನು ಯಾರಿಗಾಗಿ ಸಾಯುತ್ತಿದ್ದೀ?

ಮಲ್ಲಾಬಾಯಿ


ಶಹಾಪುರ
5 ಸೆಪ್ಟೆಂಬರ್ 2024

ಆಯಿ,

ಇವತ್ತು ಶಾಲೆಯಲ್ಲಿ ಶಿಕ್ಷಕರ ದಿನ. ಮಕ್ಕಳು ಹೂ ಕೊಟ್ಟರು. ಅದನ್ನು ಮೇಜಿನ ಮೇಲಿಟ್ಟು ಬರೆಯುತ್ತಿದ್ದೇನೆ.

ನೀನು ಹೇಳುವ ಮೊದಲೇ ನನಗೆ ಗೊತ್ತಿತ್ತು. ಮೊದಲ ಟೈಲ್ಸ್ ಎಬ್ಬಿಸಿದ ದಿನವೇ ಗೊತ್ತಿತ್ತು. ಅತ್ತೆ ದೇವರ ಖೋಲಿಯ ದಾರಿಯನ್ನು ಬೆರಳಿನಿಂದ ತೋರಿಸಿ, ಇಲ್ಲಿಂದ ಇಲ್ಲಿಯವರೆಗೆ ಎಂದಾಗ, ಅವರಿಗೆ ಜ್ವರ ಬಂದ ದಿನ ನಾನು ದೀಪ ಹಚ್ಚಲು ನಡೆದ ದಾರಿ ಅದು ಎಂದು ಗೊತ್ತಾಯಿತು. ಗೊತ್ತಿಲ್ಲದವಳ ಹಾಗೆ ಕೀಳುವುದು ಸುಲಭ, ಆಯಿ. ಗೊತ್ತಿದೆ ಎಂದು ಬಾಯಿ ಬಿಟ್ಟರೆ ಆ ಮನೆಯಲ್ಲಿ ಮರುದಿನ ಏಳುವುದು ಹೇಗೆ? ನೀನು ಎಲ್ಲವನ್ನೂ ಬಿಡಿಸಿ ಬರೆದು ಅಷ್ಟನ್ನೂ ನನ್ನಿಂದ ಕಿತ್ತುಕೊಂಡೆ.

ಅಪಾಯವಿಲ್ಲದೆ ಹೇಗೆ ತೆಗೆಯಬೇಕು ಎಂದು ನಿನ್ನನ್ನು ಕೇಳಿದ್ದು ಹೊಟ್ಟೆಯಲ್ಲಿ ಕೂಸು ಇದ್ದದ್ದಕ್ಕೇ. ಹೇಳಿದರೆ ಬೈಯುತ್ತೀ ಎಂದು ಹೇಳಲಿಲ್ಲ. ನೀನು ಬರೆದದ್ದರಲ್ಲಿ ಆದಷ್ಟು ಮಾಡಿದೆ. ಆ ಮೊದಲ ದಿನ ಬಿಟ್ಟರೆ ನೀರು ಮಾತ್ರ ಹಾಕಲಿಲ್ಲ.

ದ್ಯಾವಪ್ಪ ಮಾವನಿಗೆ ಮೇಲಿಂದ ನೀರು ಹಾಕಿದ್ದು ನಿಜ. ಆ ಕೈಯನ್ನು ನಾನು ಏನು ಮಾಡಿಕೊಳ್ಳಲಿ ಎಂದು ನನಗೇ ತಿಳಿಯದು. ಆದರೆ ಅತ್ತೆಗೆ ಅವನು ಯಾರೆಂದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೇ ಅವನನ್ನು ನನ್ನ ಮೆಟ್ಟಿಲ ಕೆಳಗೆ ನಿಲ್ಲಿಸಿದೆ. ಅವರು ನನ್ನ ಕಾಲಿಗೆ ಹೇಸಿದರು. ನಾನು ಸೋಲುವುದನ್ನು ನೋಡಲು ನೀನು ಆಳು ಕಳಿಸಿದೆ. ಇಬ್ಬರಲ್ಲಿ ಯಾರ ಮನೆ ನನ್ನದು ಎನ್ನಲಿ?

ಹೊಸ ನೆಲ ಆಯಿತು. ಒಲೆ ಇನ್ನೂ ಹೊರಗಿನ ಖೋಲಿಯಲ್ಲೇ ಇದೆ. ಕೂಸು ಬಂದ ಮೇಲೆ ಎಲ್ಲ ಸರಿಹೋಗುತ್ತದೆ, ಮೊಮ್ಮಗ ಆದರೆ ಅವ್ವನ ಮನಸ್ಸು ಕರಗುತ್ತದೆ ಎಂದು ಇವರು ಹೇಳುತ್ತಾರೆ. ಹೆರಿಗೆಗೆ ಅಲ್ಲಿಗೆ ಬರುವುದಿಲ್ಲ, ಇಲ್ಲೇ ಇರುತ್ತೇನೆ. ನನಗೆ ಇನ್ನು ಬರೆಯಬೇಡ.

ಪಂಚಶೀಲಾ


ರಂಗಂಪೇಟೆ
14 ಸೆಪ್ಟೆಂಬರ್ 2024

ಜೈಭೀಮ.

ಬರೆಯಬೇಡ ಎಂದಿದ್ದೀ. ನಿನ್ನ ಅಪ್ಪಣೆ ಕೇಳಿ ನಾನು ನಿನ್ನನ್ನು ಸಾಕಲಿಲ್ಲ, ಅಪ್ಪಣೆ ಕೇಳಿ ಬರೆಯುವುದೂ ಇಲ್ಲ.

ದ್ಯಾವಪ್ಪನನ್ನು ಕಳಿಸಿದ್ದು ನಾನೇ. ಅವನು ಈಗ ನನ್ನ ಕಟ್ಟೆ ಹತ್ತುವುದನ್ನು ಬಿಟ್ಟಿದ್ದಾನೆ. ಅವನ ಹೆಂಡತಿ ನಳದ ಹತ್ತಿರ ಎಲ್ಲರ ಮುಂದೆ, “ನಿನ್ನ ಮೊಮ್ಮಗಳ ತೂಕ ನೋಡಾಕ ನನ್ನ ಗಂಡನ್ನ ಯಾಕ ತಕ್ಕಡ್ಯಾಗ ಹಾಕಿದಿ, ಮುದುಕಿ?” ಎಂದು ಉಗಿದು ಹೋದಳು. ಉಗಿಯಲಿ. ಕಣ್ಣು ಮುಚ್ಚಿಕೊಂಡು ಕುಳಿತವಳಿಗೆ ಮೆಣಸಿನಕಾಯಿ ಹೊಗೆ ಹಾಕಬೇಕು, ಹಾಕಿದೆ. ನಿನಗೆ ಗೊತ್ತಿತ್ತು ಎಂದು ಬರೆದಿದ್ದೀ. ಗೊತ್ತಿದ್ದೂ ಕಿತ್ತವಳ ಮೇಲೆ ನನಗೆ ಕರುಣೆ ಬರುವುದಿಲ್ಲ. ಗೊತ್ತಿಲ್ಲದವಳ ಮೇಲಾದರೆ ಬರುತ್ತಿತ್ತು.

ಯಾರ ಮನೆ ನನ್ನದು ಎಂದು ಕೇಳಿದ್ದೀ. ನನ್ನ ಮನೆಯಲ್ಲಿ ನಿನಗೆ ಬೈಗುಳ ಸಿಗುತ್ತದೆ, ಒಳಗೆ ಕುಳಿತು ಬೈಸಿಕೊಳ್ಳಬಹುದು. ಅಷ್ಟೇ ವ್ಯತ್ಯಾಸ. ಸಾಕೋ ಸಾಲದೋ ನೀನೇ ನೋಡಿಕೋ. ಚೊಚ್ಚಲ ಹೆರಿಗೆಗೆ ತವರಿನ ದಾರಿ ಕೇಳಬೇಕಾಗಿಲ್ಲ. ಶಹಾಪುರದಿಂದ ಸುರಪುರಕ್ಕೆ ಬಸ್ಸಿದೆ, ಹೆಂಗಸರಿಗೆ ಟಿಕೇಟೂ ಇಲ್ಲ. ಬರುವ ಮೊದಲು ಸರಕಾರಿ ದವಾಖಾನೆಗೆ ಹೋಗಿ ಎದೆ ತೋರಿಸು, ಒಣ ನೆಲ ಒಡೆದಿದ್ದೇನೆ ಎಂದು ಬಾಯಿ ಬಿಟ್ಟು ಹೇಳು. ಅಲ್ಲೂ ಮಳೆಗಾಲ ಎನ್ನಬೇಡ.

ಕೂಸು ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದನಲ್ಲ ನಿನ್ನ ಗಂಡ. ಹೌದು, ಅವನ ತಾಯಿ ಕೂಸನ್ನು ಎತ್ತಿಕೊಂಡಾಳು. ಒಣಗಿದ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಎತ್ತಿಕೊಂಡಾಳು. ಆದರೆ ಕೂಸು ಕೊಟ್ಟ ಕಡೆ ಕೂರುವ ಗೊಂಬೆಯಲ್ಲ. ನೀನು ಶಾಲೆಗೆ ಹೋದ ಒಂದು ದಿನ ಅದು ಹೊರಗಿನ ಖೋಲಿಯಲ್ಲಿ ಉಚ್ಚೆ ಹೊಯ್ಯುತ್ತದೆ. ಅದರಲ್ಲೇ ಕೈ ಬಡಿದು ಆಡುತ್ತದೆ. ಆಮೇಲೆ ಅದೇ ಒದ್ದೆ ಕೈಯಿಂದ, ಒದ್ದೆ ಮೊಣಕಾಲಿನಿಂದ ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತದೆ, ಹೊಸ ನೆಲದ ಮೇಲೆ ಅಡುಗೆ ಮನೆಗೆ ಹೋಗುತ್ತದೆ, ಅಲ್ಲಿಂದ ದೀಪ ಕಂಡ ಕಡೆ ಹೋಗುತ್ತದೆ. ಒಣಗಿ ಬಾ ಎಂದರೆ ಅದಕ್ಕೆ ತಿಳಿಯುವುದಿಲ್ಲ. ಅದು ನಗುತ್ತಿರುತ್ತದೆ.

ಆ ದಿನ ಅವರು ಆ ಮನೆಯಿಂದ ಕೀಳುವುದು ನೆಲವನ್ನೋ, ಕೂಸನ್ನೋ?

ನಾನು ಆರಾಮ, ನೀನು ಆರಾಮ ಎಂಬ ಕಾಗದ ನನಗೆ ಬೇಡ. ಕೇಳಿದ ಈ ಒಂದಕ್ಕೆ ಉತ್ತರ ಬೇಕು. ಗಂಡನನ್ನು ಕೇಳದೆ, ನಿನ್ನ ಕೈಯಿಂದ, ಈ ತಿಂಗಳು ಮುಗಿಯುವುದರೊಳಗೆ ಬರೆದು ಕಳಿಸು.

ನಿನ್ನ ಆಯಿ
ಮಲ್ಲಾಬಾಯಿ